ಜಾರುವ ಚಕ್ರವೂ ನನ್ನ ಜಂಬವೂ

ಗ್ಯಾರೇಜು ಇಟ್ಟವನ ಮರ್ಯಾದೆ ವಾರಕ್ಕೊಮ್ಮೆಯಾದರೂ ಯಾವುದೋ ಚಕ್ರದ ಕೆಳಗೆ ಸಿಕ್ಕೇ ಸಿಗುತ್ತದೆ. ಹಾಸನದಲ್ಲಿ ಇಪ್ಪತ್ತು ವರ್ಷದಿಂದ ನನ್ನದೂ ಸಿಗುತ್ತಲೇ ಇದೆ. ನಕ್ಕು ಮರೆತವು ಬಹಳ, ಮರೆಯಲಾಗದ್ದು ಒಂದೇ.

ಶುಂಠಿ ಕೆಸರು

ಕೊಣನೂರಿನ ಹತ್ತಿರ ಗೌಡರೊಬ್ಬರ ಹೊಸ ಸ್ಪೋರ್ಟ್ಸ್ ಕಾರು ಶುಂಠಿ ತೊಳೆಯುವ ಜಾಗದಲ್ಲಿ ಹೂತಿತ್ತು. "ಎಷ್ಟು ತುಳುದ್ರೂ ಉಸ್ರೇ ಎತ್ತಲ್ಲ ಕಣಪ್ಪ" ಅಂದರು. ಚಕ್ರ ಜಾರಿದ ಕೂಡಲೇ ಇಂಜಿನ್ನಿನ ಬಲ ತಗ್ಗಿಸುವ ಕಂಪ್ಯೂಟರು ಅದರಲ್ಲಿತ್ತು, ಟ್ರ್ಯಾಕ್ಷನ್ ಕಂಟ್ರೋಲು. ನಾನು ಬಟನ್ ಒತ್ತಿ ಅದನ್ನು ಆಫ್ ಮಾಡಿ ಜೋರಾಗಿ ತುಳಿದೆ. ಕಾರು ಹಿಂದಕ್ಕೆ ಕೆಸರು ಚಿಮ್ಮಿಸುತ್ತ ಎದ್ದು ಬಂತು. ನೋಡಲೆಂದು ಗೌಡರು ಹಿಂದೆಯೇ ನಿಂತಿದ್ದರು.

ಅವರ ಹೆಂಡತಿ ಬಂದು ನೋಡಿ, "ಕಾರೇನೋ ಬಂತು. ನಮ್ಮನೆಯವ್ರೆಲ್ಲಿ?" ಅಂದರು.

ವೈಪರ್

ನನ್ನ ಗೆಳೆಯ ಆಟೋ ಎಲೆಕ್ಟ್ರಿಷಿಯನ್. ಒಂದೇ ಶೆಡ್ಡಿನಲ್ಲಿ ಹತ್ತು ವರ್ಷ ಇದ್ದೆವು. ಅವನಿಗೆ ಕಂಪ್ಯೂಟರೇ ದೇವರು. ನನಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಬಲ ಕೊಡುವ ಗೇರು. ಅರಕಲಗೂಡಿನ ಮೇಷ್ಟರೊಬ್ಬರು ವೈಪರ್ ಹಾಕಿಸಲು ಬಂದು, ನಮ್ಮ ಜಗಳ ಮುಗಿಯದೆ, ತಾವೇ ಹಾಕಿಕೊಂಡರು.

ಹೊರಡುವಾಗ, "ನಿಮ್ಮಿಬ್ರನ್ನ ಆಫ್ ಮಾಡೋಕೆ ಬಟನ್ ಇಲ್ವಾ?" ಅಂತ ಕೇಳಿದರು.

ಹುರುಳಿ

ಗೆಳೆಯನ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಎಳೆಯುವುದು ಹಿಂದಿನ ಚಕ್ರ. ಅದರ ಕೆಟ್ಟ ಕಂಪ್ಯೂಟರಿಗೆ ತಂತಿ ತಂತಿ ಹುಡುಕಿ ಅವನೇ ಜೀವ ಕೊಟ್ಟಿದ್ದ. ಒಂದು ದಿನ, "ನಿನ್ ಗೇರೂ ಹಾಕು ಕಣ್ಲಾ, ಎರಡೂ ಇರ್ಲಿ. ನಂದನ್ನ ಮಾತ್ರ ತೆಗೀಬ್ಯಾಡ" ಅಂದ. ಅಷ್ಟು ದೊಡ್ಡ ಮನಸ್ಸು ಅವನದು. ನಾನು ಗೇರು ಹಾಕಿ, ನನ್ನದೇ ಸಾಕೆಂದು ತೋರಿಸಲು, ಅವನಿಗೆ ಹೇಳದೆ ಕಂಪ್ಯೂಟರಿನ ಪ್ಲಗ್ಗನ್ನೂ, ಅದು ಕೆಟ್ಟರೆ ಹೊತ್ತಿಕೊಳ್ಳುವ ದೀಪವನ್ನೂ ಕಿತ್ತಿಟ್ಟೆ.

ಚನ್ನರಾಯಪಟ್ಟಣದ ಕಡೆ ಹಳ್ಳಿಯ ರಸ್ತೆ. ಅವನೇ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ತಿರುವಿನಲ್ಲಿ, ಗಾಡಿಗಳು ತುಳಿದು ಕಾಳು ಉದುರಲೆಂದು ಹುರುಳಿ ಹರಡಿದ್ದರು. ಕಂಪ್ಯೂಟರು ಇದ್ದಿದ್ದರೆ ಬಲ ತಗ್ಗಿಸುತ್ತಿತ್ತು. ನನ್ನ ಗೇರು ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸಿ ಒಟ್ಟಿಗೇ ಜಾರಿಸಿತು. ಕಾರು ಎರಡು ಸುತ್ತು ಹಾಕಿ ಹಿಂಭಾಗವನ್ನು ಹೊಟ್ಟಿನ ರಾಶಿಗೆ ತೂರಿಸಿಕೊಂಡು ನಿಂತಿತು. ಯಾರಿಗೂ ಏಟಾಗಲಿಲ್ಲ.

ಅವನು ಸ್ಟೀರಿಂಗಿನ ಕೆಳಗೆ ಬಗ್ಗಿ, ಕಿತ್ತಿಟ್ಟ ಪ್ಲಗ್ಗನ್ನು ನೋಡಿದ. "ನಂದನ್ನ ತೆಗ್ದಿದ್ಯಾ?"

ತಪ್ಪಾಯ್ತು ಅನ್ನಬೇಕಿತ್ತು. ನಾನು ಅಂದದ್ದು, "ಎರಡೂ ಚಕ್ರ ಎಂಗೆ ಜೊತೇಲಿ ತಿರುಗ್ದೋ ನೋಡ್ದಾ?"

ಕೀಲಿಯನ್ನು ನನ್ನ ಕೈಗಿಟ್ಟು ಬಸ್ಸಿನ ಕಡೆ ನಡೆದ. ವಾರದೊಳಗೆ ಅವನ ಸಾಮಾನು ಹೊಳೆನರಸೀಪುರಕ್ಕೆ ಹೋಯಿತು. ಈಗ ಶೆಡ್ಡಿನಲ್ಲಿ ಜಗಳಕ್ಕೂ ಜನವಿಲ್ಲ. ಈ ಕತೆಗೆ ಗಿರಾಕಿಗಳೆಲ್ಲ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗಬೇಕಾದವನು ಕೊನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ.

ಅವತ್ತು ಅವನು ಬಸ್ಸಿನ ಕಡೆ ಹೋಗುವುದನ್ನೇ ನೋಡುತ್ತ ನಿಂತಿದ್ದೆ. ಹುರುಳಿಯ ಒಡತಿ ಅಜ್ಜಿ ಕಾರಿನ ಕೆಳಗೆ ಕೈಯಾಡಿಸಿ ನೋಡಿ, ನನ್ನ ತೋಳು ತಟ್ಟಿದಳು.

"ಓಗೋರು ಓಗ್ಲಿ ಬುಡಪ್ಪ. ನೀನು ಇನ್ನೆರಡು ಸುತ್ತು ತಿರುಗ್ಸು. ಈ ಬದಿ ಉಳ್ಳಿ ಚೆನ್ನಾಗಿ ಉದುರೈತೆ, ಆ ಬದೀದು ಇನ್ನೂ ಅಂಗೇ ಐತೆ."