ದಬ್ಬಣದಿಂದ ಕೊರೆದ ಜೇನುಮನೆ

ಐವತ್ತೆರಡನೇ ಇಸವಿಯಲ್ಲಿ, ನಾಲ್ಕನೇ ಇಯತ್ತೆ ಅರ್ಧಕ್ಕಿರುವಾಗ, ನಾನು ಸಾಲಿ ಬಿಟ್ಟು ಅಪ್ಪನ ಜೊತೆ ಹತ್ತಿ ಹಿಂಜಲು ಕೂತೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ತಿಕೋಟಾದಿಂದ ಬಬಲೇಶ್ವರದವರೆಗೆ ಎಷ್ಟೋ ಜನ ನಾನು ಹೊಲಿದ ಗಾದಿಯ ಮೇಲೆಯೇ ಸಂಸಾರ ಹೂಡಿದ್ದಾರೆ. ದೊಡ್ಡ ಸಾಲಿ ಕಲಿತವರೂ ಅದರ ಮೇಲೆ ಒರಗಿದರೆ ಕಲಿತದ್ದೆಲ್ಲ ಮರೆತು ಗೊರಕೆ ಹೊಡೆಯುತ್ತಾರೆ. ನಾನು ತೇಪೆ ಹಾಕಿದ ಜಾಗವನ್ನು ಹುಡುಕಿ ತೋರಿಸಿದವರು ಇಂದಿಗೂ ಯಾರೂ ಇಲ್ಲ. ನಮ್ಮ ಕಸಬಿನ ಧರ್ಮ ಒಂದೇ: ಹಳೆಯದೆಂದು ಯಾವುದನ್ನೂ ಎಸೆಯಬಾರದು. ಅಜ್ಜ ಮಲಗಿದ ಹತ್ತಿಯನ್ನು ಬಿಸಿಲಿಗೆ ಹಾಕಿ ಹಿಂಜಿದರೆ ಮೊಮ್ಮಗನಿಗೆ ಹೊಸ ಗಾದಿ.

ಎಪ್ಪತ್ತಾರರಲ್ಲಿ ಬಬಲೇಶ್ವರದ ಲಿಂಬೆ ತೋಟದ ಗೌಡರೊಬ್ಬರು ಮಗಳ ಮದುವೆಯ ಗಾದಿಗಳನ್ನು ನೋಡಿ ಖುಷಿಯಾಗಿ ನನಗೊಂದು ಜೇನುಪೆಟ್ಟಿಗೆ ಕೊಟ್ಟರು. ಕೆಳಗಿನ ಖಾನೆಯಲ್ಲಿ ಜೇನುಹುಳಗಳ ಸಂಸಾರ, ಮೇಲಿನದರಲ್ಲಿ ಜೇನುತುಪ್ಪ. ಮೇಲಿನ ಚೌಕಟ್ಟುಗಳಿಗೆ ತೆಳ್ಳನೆಯ ಮೇಣದ ಹಾಳೆ ಹಚ್ಚಿರುತ್ತಾರೆ. ಅದರ ಮೇಲೆ ಒತ್ತಿದ ಆರು ಮೂಲೆಯ ಗುರುತು ಹಿಡಿದು ಜೇನು ಮನೆ ಕಟ್ಟುತ್ತದೆ. ತುಪ್ಪ ತೆಗೆದ ಮೇಲೆ ಈ ಚೌಕಟ್ಟುಗಳನ್ನು ಎಲ್ಲಿಡಬೇಕು? ನನಗೆ ಗೊತ್ತಿದ್ದ ಬೆಚ್ಚನೆಯ ಜಾಗ ಒಂದೇ, ಹತ್ತಿಯ ಚೀಲ. ಅದರಲ್ಲಿಟ್ಟೆ.

ಕುಸುಬಿ ಹೂ ಬಿಡುವ ಹೊತ್ತಿಗೆ ಚೀಲ ಬಿಚ್ಚಿದರೆ ಮೇಣದ ಹುಳ ಬಿದ್ದಿತ್ತು. ಮನೆಗಳನ್ನೆಲ್ಲ ತಿಂದು, ಅಡಿಯ ಹಾಳೆಯನ್ನಷ್ಟೇ ಅಲ್ಲಲ್ಲಿ ಉಳಿಸಿ, ಬಿಳಿ ನೂಲು ನೂತು, ಒಂದೊಂದು ಚೌಕಟ್ಟಿನಲ್ಲೂ ಒಂದೊಂದು ಪುಟ್ಟ ಗಾದಿ ಮಾಡಿಟ್ಟಿತ್ತು.

ನನ್ನ ಹೆಂಡತಿ ಜೈನಾಬಿ ಬಗ್ಗಿ ನೋಡಿದಳು. "ಯಾಕ್ರಿ, ಹುಳಕ್ಕೂ ಕಸಬ ಕಲಿಸೀರೇನು? ನಿಮಗಿಂತ ಸಣ್ಣ ಹಿಂಜ್ಯಾವ ನೋಡ್ರಿ! ಒಲಿಗೆ ಹಾಕ್ರಿ ಅತ್ಲಾಗ. ಆ ಮ್ಯಾಲಿನ ಪೆಟಗ್ಯಾಗ ನನ್ನ ಕೋಳಿ ಕಾವಿಗೆ ಕೂಡ್ತೈತಿ."

"ಏ, ಹಳೇದನ್ನ ಹೊಸಾದ ಮಾಡಾಂವ ನಾನು. ಗೊತ್ತೈತಿಲ್ಲೊ?"

"ಹಂಗಾದ್ರ ಮಾತ ಕೊಡ್ರಿ. ಜೇನ ಇದನ್ನ ಮುಟ್ಟಲಿಲ್ಲಂದ್ರ ಪೆಟಗಿ ಕೋಳಿಗೆ."

"ಕೊಟ್ಟೆ ತಗೋ!" ಅಂದೆ.

ಚಾಕುವಿನಿಂದ ನೂಲೆಲ್ಲ ಕೆರೆದೆ. ಹುಳ ಕಟ್ಟಿಗೆಯನ್ನೂ ಕೊರೆದು ಗುಳಿ ಮಾಡಿತ್ತು. ಅದನ್ನು ಉಜ್ಜಿ ತೊಳೆದೆ. ಆಮೇಲೆ ಹತ್ತಿಗೆ ಮಾಡುವಂತೆಯೇ ಮಾಡಿದೆ: ಎಲ್ಲವನ್ನೂ ತಗಡಿನ ಮೇಲೆ ಬಿಸಿಲಿಗೆ ಹರಡಿದೆ. ನಮ್ಮೂರ ಬಿಸಿಲಿಗೆ ಹತ್ತಿ ಅರಳುತ್ತದೆ, ಮೇಣ ಅರಳುವುದಿಲ್ಲ. ಚಾ ಕುಡಿದು ಬರುವಷ್ಟರಲ್ಲಿ ಹಾಳೆಗಳೆಲ್ಲ ಜಿಲೇಬಿ ಹಿಟ್ಟಿನಂತೆ ಇಳಿದಿದ್ದವು. ಗೋಡೆಯ ನೆರಳಿಗೆ ಬಿದ್ದ ಒಂದು ಮಾತ್ರ ಉಳಿದಿತ್ತು, ಅದಕ್ಕೂ ನಡುವೆ ಅಂಗೈಯಗಲದ ತೂತು.

ವಿಜಾಪುರಕ್ಕೆ ಬಸ್ಸಿತ್ತು, ಅಲ್ಲಿ ಹೊಸ ಹಾಳೆಯೂ ಸಿಗುತ್ತಿತ್ತು. ಆದರೆ ಮಾತು ಕೊಟ್ಟಾಗಿತ್ತಲ್ಲ! ಕರಗಿದ ಮೇಣ ಬಳಿದು ತೂತು ಮುಚ್ಚಿದೆ. ಗಾದಿ ಹೊಲಿಯುವ ದಬ್ಬಣದ ಮೊನೆಯಿಂದ ಅದರ ಮೇಲೆ ಆರು ಮೂಲೆ, ಆರು ಮೂಲೆ ಎಂದು ಗೀರುತ್ತ ಒಂದು ಮಧ್ಯಾಹ್ನವೆಲ್ಲ ಕೂತೆ. ಕೆಲವಕ್ಕೆ ಐದೇ ಮೂಲೆಯಾದವು, ಒಂದಕ್ಕೆ ಏಳು. ಜೇನೇನು ಎಣಿಸುತ್ತದೆಯೇ ಎಂದುಕೊಂಡು ಪೆಟ್ಟಿಗೆಗೆ ಇಳಿಸಿದೆ.

ಎಂಟು ದಿನ ಬಿಟ್ಟು ಮುಚ್ಚಳ ತೆಗೆದೆ. ಜೈನಾಬಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು. ಚೌಕಟ್ಟು ಎತ್ತಿದರೆ ತುಂಬ ಜೇನು! ಹೊಗೆ ಊದಿ ಸರಿಸಿದೆ. ನಾನು ಬಳಿದ ಮೇಣದ ಒಂದು ಚೂರೂ ಅಲ್ಲಿರಲಿಲ್ಲ. ನನ್ನ ತೇಪೆಯನ್ನು ಕಿತ್ತು, ಪುಡಿ ಮಾಡಿ, ಕೆಳಗಿನ ಹಲಗೆಗೆ ಉದುರಿಸಿದ್ದವು. ಆ ಜಾಗದಲ್ಲಿ ತಾವೇ ಕಟ್ಟಿಕೊಂಡಿದ್ದವು, ಕತ್ತಲಲ್ಲಿ, ದಾರವಿಲ್ಲದೆ, ದಬ್ಬಣವಿಲ್ಲದೆ. ಹುಳ ತಿಂದು ಬಿಟ್ಟ ಹಳೆಯ ಹಾಳೆ ಎಲ್ಲಿ ಮುಗಿಯಿತು, ಹೊಸ ಮನೆ ಎಲ್ಲಿ ಶುರುವಾಯಿತು ಎಂದು ಬಿಸಿಲಿಗೆ ಹಿಡಿದು ಹುಡುಕಿದೆ. ಕೂಡಿಸಿದ ಗೆರೆ ಸಿಗಲಿಲ್ಲ. ಗೋಳಗುಮ್ಮಟದೊಳಗೆ ಹೋದವರೆಲ್ಲ ಕೂಗುತ್ತಾರೆ, ನಾನೂ ಕೂಗಿದವನೇ. ಈ ಅಂಗೈಯಗಲವನ್ನು ಮಾತ್ರ ಸಪ್ಪಳವಾಗದಂತೆ ಪೆಟ್ಟಿಗೆಗೆ ಇಳಿಸಿದೆ.

"ಗೆದ್ದೀರಿ ಬಿಡ್ರಿ," ಅಂದಳು ಜೈನಾಬಿ, ಕೋಳಿಯನ್ನು ಕೆಳಗಿಳಿಸಿ. ಗೆದ್ದವರ ಮೇಲೆ ನಾನು ಮೆಲ್ಲಗೆ ಮುಚ್ಚಳ ಹಾಕಿದೆ.

ಈಗ ನನ್ನಲ್ಲಿ ಹತ್ತಿ ಹಿಂಜುವ ಬಿಲ್ಲು ಎರಡು, ಜೇನುಪೆಟ್ಟಿಗೆ ಮೂರು, ದಬ್ಬಣ ಒಂದು, ಕೋಳಿ ಐದು, ಲಿಂಬೆಕಾಯಿ ಗಾತ್ರದ ಮೇಣದ ಉಂಡೆ ಒಂದು ಇವೆ. ಆ ಉಂಡೆಯೇ ನನ್ನ ಒಂದು ಮಧ್ಯಾಹ್ನದ ಕುಸುರಿ ಕೆಲಸ. ಹಲಗೆಯಿಂದ ಬಳಿದು ಇಟ್ಟುಕೊಂಡಿದ್ದೇನೆ. ಗಾದಿ ಹೊಲಿಯುವ ದಾರಕ್ಕೆ ಉಜ್ಜಿದರೆ ಚೆನ್ನಾಗಿ ಹತ್ತುತ್ತದೆ, ದಾರ ಸಲೀಸಾಗಿ ಓಡುತ್ತದೆ.