ಹೊಟ್ಟೆನೋವಿನ ಮೂಲ

ಹೊಟ್ಟೆನೋವು ಎಂದು ಸುಳ್ಳು ಹೇಳುವುದು ದೊಡ್ಡ ಅಪರಾಧವೇನಲ್ಲ. ಶಾಲೆಗೆ ಹೋಗುವ ಮಕ್ಕಳಿಂದ ಹಿಡಿದು ಕಚೇರಿಗೆ ಹೋಗುವ ಅಪ್ಪಂದಿರವರೆಗೆ ಎಲ್ಲರೂ ಆಗಾಗ ಹೇಳುತ್ತಾರೆ, ಮಧ್ಯಾಹ್ನ ಗಡದ್ದಾಗಿ ಉಂಡು ಮಲಗುತ್ತಾರೆ. ನಮ್ಮ ಮರಿಡಾಕ್ಟರ್ ಮಾತ್ರ ಅದನ್ನು ಹೇಳಬಾರದವರ ಹತ್ತಿರ ಹೇಳಿಬಿಟ್ಟ.

ಮರಿಡಾಕ್ಟರ್ ಎಂದರೆ ಡಾಕ್ಟರೇನಲ್ಲ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದ ಬಡಪಾಯಿ. ಆ ಹೆಸರಿಟ್ಟವರು ಅವನ ಬಾಡಿಗೆ ಕೋಣೆಯ ಮನೆಯೊಡತಿ. "ಒಬ್ಬೊಬ್ಬರನ್ನ ನೋಡೋ ಡಾಕ್ಟರಲ್ಲ ಕಣ್ರೀ, ಇಡೀ ಊರನ್ನ ಒಟ್ಟಿಗೇ ನೋಡೋನು. ಅದಕ್ಕೇ ನನ್ನ ಮಂಡಿನೋವು ಇವನ ಕಣ್ಣಿಗೆ ಬೀಳಲ್ಲ" ಎಂದು ಪಕ್ಕದ ಮನೆಯವರಿಗೆ ವಿವರಿಸುತ್ತಿದ್ದರು.

ಅಂದು ಮಧ್ಯಾಹ್ನ ಅವನ ಸೆಮಿನಾರ್ ಇತ್ತು. ಊಟಕ್ಕೆ ಮುಂಚೆ ವಿದ್ಯಾರ್ಥಿಗಳು ಕೈ ತೊಳೆಯುತ್ತಾರೋ ಇಲ್ಲವೋ ಎನ್ನುವುದು ವಿಷಯ. ಅದಕ್ಕಾಗಿ ಅವನು ಕ್ಯಾಂಟೀನಿನ ನಲ್ಲಿಯ ಪಕ್ಕ ವಾರಗಟ್ಟಲೆ ನಿಂತು, ಯಾರಿಗೂ ಗೊತ್ತಾಗದಂತೆ ಗಮನಿಸಬೇಕಿತ್ತು. ನಿಂತದ್ದು ಒಂದೇ ದಿನ. ಒಬ್ಬಳು ತನ್ನ ಚೀಲವನ್ನು ಅವನ ಕೈಗೆ ಕೊಟ್ಟು ನಿಧಾನವಾಗಿ ಮುಖ ತೊಳೆದಳು. ಇನ್ನೊಬ್ಬ ಸೋಪು ಖಾಲಿಯಾಗಿದೆ ಎಂದು ಗದರಿದ. ವಯಸ್ಸಾದ ಪ್ರೊಫೆಸರೊಬ್ಬರು ಒದ್ದೆ ಕೈ ಚಾಚಿ, "ಟವೆಲ್ ಎಲ್ಲಪ್ಪಾ?" ಎಂದರು. ಮರಿಡಾಕ್ಟರ್ ಕಾಲಿಗೆ ಬುದ್ಧಿ ಹೇಳಿದವನು ಮತ್ತೆ ಆ ನಲ್ಲಿಯ ಕಡೆ ಸುಳಿಯಲಿಲ್ಲ. ಹೊರಗಿನಿಂದ ಬರುವ ಪರೀಕ್ಷಕರೋ, ಹೆಸರು ಕೇಳಿದರೇ ಬೆವರಿಳಿಯುವಂಥವರು. ಸೆಮಿನಾರಿನಲ್ಲಿ ಫೇಲಾದರೆ ಇಡೀ ವರ್ಷ ಮತ್ತೆ ಓದಬೇಕು.

ಹಾಗಾಗಿ ಬೆಳಿಗ್ಗೆ ಎದ್ದವನೇ ಸಹಪಾಠಿಗೆ ಫೋನ್ ಮಾಡಿದ. ಮಾತೆತ್ತಿದರೆ ಶೇಕಡಾ ಹೇಳುತ್ತಿದ್ದ ಆ ಹುಡುಗಿಯನ್ನು ತರಗತಿಯೆಲ್ಲ ಲೆಕ್ಕದಕ್ಕ ಎನ್ನುತ್ತಿತ್ತು.

"ಹೊಟ್ಟೆನೋವು ಕಣೇ. ಇವತ್ತು ಬರೋಕಾಗಲ್ಲ, ಮೇಷ್ಟ್ರಿಗೆ ಹೇಳ್ಬಿಡು."

"ನಿನ್ನೆ ಏನು ತಿಂದೆ?"

"ಕ್ಯಾಂಟೀನಲ್ಲಿ ತರಕಾರಿ ಸೂಪು."

"ಅದನ್ನೇ ಇನ್ನೂ ಯಾರ್ಯಾರು ಕುಡಿದ್ರು?"

"ಎಲ್ಲರೂ ಕುಡಿದ್ರು. ಯಾಕೆ?"

ಆ ಕಡೆಯಿಂದ ಲೆಕ್ಕದಕ್ಕ ಸಂತೋಷದಿಂದ ಕಿರುಚಿದಳು. "ಅಲ್ಲಾಡಬೇಡ. ಬಂದೆವು!"

ಪಾಪ, ಅವಳದೇನೂ ತಪ್ಪಿಲ್ಲ. ಆ ತರಗತಿಯವರು ಸಾಂಕ್ರಾಮಿಕ ರೋಗಗಳ ಬಗ್ಗೆ ಪುಸ್ತಕದಲ್ಲಿ ಓದಿ ಓದಿ ಸುಸ್ತಾಗಿದ್ದರು, ನಿಜವಾದದ್ದೊಂದನ್ನೂ ಕಣ್ಣಾರೆ ಕಂಡಿರಲಿಲ್ಲ.

ಗೋಡೆಯಾಚೆ ಎಲ್ಲವನ್ನೂ ಕೇಳಿಸಿಕೊಂಡ ಮನೆಯೊಡತಿ ಬಿಸಿನೀರಿನ ಚೀಲ ಹಿಡಿದು ಬಂದರು. "ಊರಿಗೆಲ್ಲ ಆರೋಗ್ಯ ಹೇಳೋನಿಗೇ ಹೊಟ್ಟೆನೋವಾ? ಮಲಕ್ಕೋ ಮಗನೇ" ಎಂದು ಚೀಲವನ್ನು ಅವನ ಹೊಟ್ಟೆಯ ಮೇಲೆ ಒತ್ತಿ, ಮೇಲೆ ಎರಡು ಕಂಬಳಿ ಹೊದಿಸಿ, ಕಾಲ ಬಳಿ ಕಾವಲು ಕೂತರು. ಮರಿಡಾಕ್ಟರ್ ಒಳಗೊಳಗೇ ಬೆಂದ.

ಅಷ್ಟರಲ್ಲಿ ಸಹಪಾಠಿಗಳ ದಂಡು ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಒಳನುಗ್ಗಿತು.

"ನೋವು ಎಲ್ಲಿ?"

ಅವನು ಬಲಗಡೆ ತೋರಿಸಿದ. ಇನ್ನೊಬ್ಬ ಬಂದು ಅದನ್ನೇ ಕೇಳಿದಾಗ ಮರೆತು ಎಡಗಡೆ ತೋರಿಸಿದ.

"ನೋವು ಓಡಾಡ್ತಿದೆ!" ಎಂದು ಲೆಕ್ಕದಕ್ಕ ಕಣ್ಣರಳಿಸಿದಳು. "ಮುಖ ನೋಡ್ರೋ, ಹೇಗೆ ಬೆವರ್ತಿದಾನೆ!"

ಎರಡು ಕಂಬಳಿಯ ಕೆಳಗೆ ಯಾರಾದರೂ ಬೆವರುತ್ತಾರೆ. ಅದನ್ನು ಹೇಳಲು ಅವನು ಬಾಯಿ ತೆರೆದಾಗ ಅದರೊಳಗೆ ಥರ್ಮಾಮೀಟರ್ ತುರುಕಿದರು.

ಅಲ್ಲಿಂದ ದಂಡು ಹಾಸ್ಟೆಲಿಗೆ ಹೋಯಿತು. "ನಿನ್ನೆ ಸೂಪು ಕುಡಿದ್ರಾ? ಹೊಟ್ಟೇಲಿ ಏನಾದ್ರೂ ಆಗ್ತಿದೆಯಾ? ಸರಿಯಾಗಿ ಯೋಚಿಸಿ ಹೇಳಿ" ಎಂದು ಕೋಣೆ ಕೋಣೆಗೂ ಹೋಗಿ ಕೇಳಿತು. ಅಷ್ಟು ಗಂಭೀರವಾಗಿ ಕೇಳಿದರೆ ಯಾರ ಹೊಟ್ಟೆ ತಾನೇ ಸುಮ್ಮನಿರುತ್ತದೆ? ಒಬ್ಬನಿಗೆ ಗುಡುಗುಡು ಎಂದಿತು, ಪಕ್ಕದವನಿಗೆ ಚುಳುಕ್ ಎಂದಿತು, ಸೂಪು ಕುಡಿಯದೇ ಇದ್ದವನೂ ವಾಸನೆ ನೋಡಿದ್ದೆ ಎಂದು ಮಲಗಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿಗೆ ಬೀಗ ಬಿತ್ತು.

ಸುದ್ದಿ ಫೋನಿನಲ್ಲಿ ಮರಿಡಾಕ್ಟರಿಗೂ ಮುಟ್ಟಿತು. ಮನೆಯೊಡತಿ ತೂಕಡಿಸುವುದನ್ನೇ ಕಾದು, ಕಂಬಳಿ ಒದ್ದು ಓಡಿದ.

ಕ್ಯಾಂಟೀನಿನ ಮುಂದೆ ನಲ್ಲಿಯಿಂದ ಗೇಟಿನವರೆಗೂ ಸಾಲು. ಇಡೀ ವಿಶ್ವವಿದ್ಯಾಲಯವೇ ಮೊಣಕೈವರೆಗೆ ಸೋಪು ಹಚ್ಚಿ ಕೈ ತಿಕ್ಕುತ್ತಿತ್ತು. ಅವನ ಸೆಮಿನಾರಿಗೆ ಬೇಕಿದ್ದ ದೃಶ್ಯ ಅದೇ, ಆದರೆ ಹೆದರಿ ತೊಳೆಯುವವರ ಲೆಕ್ಕ ಯಾವ ಉಪಯೋಗಕ್ಕೂ ಬಾರದು. ಬೀಗ ಹಾಕಿದ ಬಾಗಿಲ ಬಳಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕ್ಯಾಂಟೀನಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಬಾ ಒಣಕಲಣ್ಣ" ಎಂದ. ಸಣಕಲು ಮರಿಡಾಕ್ಟರನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. ದಿನವೂ ಅವನಿಗೆಂದು ಬ್ರೆಡ್ಡಿನ ಗರಿಗರಿ ಅಂಚು ತೆಗೆದಿಡುತ್ತಿದ್ದವನು. "ನಿಂಗೂ ನೋವಂತಲ್ಲೋ. ಮೊದಲು ನಿಂಗೇ ಬಂತಂತೆ. ನನ್ನ ಕೈಯಾರೆ ನಿಂಗೆ ವಿಷ ಹಾಕಿದೆನಲ್ಲೋ! ಸಂಜೆಯೊಳಗೆ ಪಾತ್ರೆ ಪಗಡ ಎತ್ಕೊಂಡು ಹೋಗು ಅಂದ್ರು. ಹೋಗ್ತೀನಿ ಬಿಡು. ನೀನು ಹುಷಾರಾಗು."

ಮರಿಡಾಕ್ಟರಿಗೆ ಅಳು ಬಂತು. ವರ್ಷ ಹೋದರೆ ಹೋಗಲಿ ಎಂದು ಕ್ಯಾಂಟೀನಣ್ಣನ ಕೈ ಹಿಡಿದೆಳೆದುಕೊಂಡು ನೇರ ಮೇಷ್ಟ್ರ ಕೋಣೆಗೆ ನುಗ್ಗಿದ.

"ಸಾರ್, ನಂಗೆ ಹೊಟ್ಟೆನೋವಿಲ್ಲ! ಇರಲೂ ಇಲ್ಲ! ಸೆಮಿನಾರ್ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ದೆ. ಅಣ್ಣನ ಸೂಪಿನದು ಏನೂ ತಪ್ಪಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಏನೂ ಬೈಯದೆ ಫೋನೆತ್ತಿ, "ಕ್ಯಾಂಟೀನ್ ಬೀಗ ತೆಗೀರಿ" ಎಂದರು.

ಕ್ಯಾಂಟೀನಣ್ಣ ಹಲ್ಲು ಕಡಿದು ಕೈಯೆತ್ತಿದ. ಎತ್ತಿದ ಕೈ ಹೇಗೋ ಮರಿಡಾಕ್ಟರನ ಬೆನ್ನು ಸವರಿತು. "ಥೂ ಕಳ್ಳ. ಬೆಳಿಗ್ಗೆಯಿಂದ ಉಪವಾಸ ಇದೀಯ ತಾನೇ? ಬಾ, ಬ್ರೆಡ್ಡಿಟ್ಟಿರ್ತೀನಿ" ಎಂದು ಕಣ್ಣೊರೆಸಿಕೊಂಡು ಹೋದ.

"ಸೆಮಿನಾರು..." ಎಂದು ಮರಿಡಾಕ್ಟರ್ ರಾಗ ಎಳೆದ.

"ಯಾವ ಸೆಮಿನಾರಯ್ಯಾ? ಬೆಳಿಗ್ಗೆನೇ ರದ್ದಾಗಿತ್ತು. ಪರೀಕ್ಷಕರೇ ಫೋನ್ ಮಾಡಿ ಬರಲ್ಲ ಅಂದಿದ್ರು. ಅವರಿಗೆ ಹೊಟ್ಟೆನೋವಂತೆ."

ಮರಿಡಾಕ್ಟರನ ಮುಖ ಊರಗಲವಾಯಿತು. "ಹಾಗಾದ್ರೆ ಇವತ್ತು ಇಲ್ಲ!"

"ಇರಲಿಲ್ಲ. ನೋಟೀಸ್ ಹಾಕೋಕೆ ಎದ್ದಿದ್ದೆ, ಅಷ್ಟರಲ್ಲಿ ಲೆಕ್ಕದಕ್ಕ ಓಡಿಬಂದು ನಿನ್ನ ಸುದ್ದಿ ಹೇಳಿದ್ಲು. ಇಂಥದ್ದು ನಡೀತಿದೆ ಅಂತ ಅವರಿಗೆ ತಿಳಿಸ್ದೆ. ಅವರ ನೋವು ಎಲ್ಲಿ ಹೋಯ್ತೋ, ಈಗಲೇ ಹೊರಟೆ ಅಂದ್ರು."

ಬಾಗಿಲು ದಢಾರನೆ ತೆರೆಯಿತು. ಏದುಸಿರು ಬಿಡುತ್ತಾ, ಮುಖದ ತುಂಬ ನಗು ತುಂಬಿಕೊಂಡು ಪರೀಕ್ಷಕರು ನಿಂತಿದ್ದರು. "ಎಲ್ರೀ ರೋಗಿಗಳು?"

"ರೋಗಿಗಳಿಲ್ಲ ಸಾರ್. ಎಲ್ಲ ಸುಳ್ಳು ಸುದ್ದಿ" ಎಂದರು ಮೇಷ್ಟ್ರು. "ಆದ್ರೂ ಇಷ್ಟು ದೂರ ಬಂದಿದ್ದೀರಿ, ಸೆಮಿನಾರ್ ಮುಗಿಸೇಬಿಡೋಣ. ಇವನ ಪ್ರಬಂಧ ಹೋದ ವಾರವೇ ನಿಮಗೆ ಕಳಿಸಿದ್ನಲ್ಲ, ಓದಿರ್ತೀರಿ. ಹೇಗಿದೆ?"

ಪರೀಕ್ಷಕರ ನಗು ಆರಿತು. ಮರಿಡಾಕ್ಟರ್ ಪ್ರಬಂಧ ಬರೆದೇ ಇರಲಿಲ್ಲ. ಪರೀಕ್ಷಕರಿಗೆ ಕಳಿಸಲೆಂದು ಅವನು ಮೇಷ್ಟ್ರಿಗೆ ಅಂಟಿಸಿ ಕೊಟ್ಟಿದ್ದ ದಪ್ಪ ಲಕೋಟೆಯಲ್ಲಿ ಇದ್ದದ್ದು ಬರೀ ಖಾಲಿ ಹಾಳೆ.

"ಬಹಳ... ಬಹಳ ಆಳವಾಗಿದೆ" ಎಂದರು ಪರೀಕ್ಷಕರು.

ಪರೀಕ್ಷಕರೂ ಮರಿಡಾಕ್ಟರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಕೈಯೂ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು.

ಮೇಷ್ಟ್ರು ಸೆಮಿನಾರ್ ಕೋಣೆಯ ಬಾಗಿಲು ತೆರೆದು ಹಿಡಿದು, "ಇಬ್ಬರೂ ಕೈ ತೆಗೀರಿ, ಒಳಗೆ ಬನ್ನಿ" ಎಂದರು.