ಗುರುಗ್ರಹದ ಉಲ್ಕೆ ಮತ್ತು ಅತ್ತೆಯ ಬಲಗಣ್ಣು

ಮನುಷ್ಯನಿಗೆ ಆಸೆ ಇರಬೇಕು ನಿಜ, ಆದರೆ ಅದು ಮನೆಯವರಿಗೆ ಅರ್ಥವಾಗುವಂಥದ್ದಾದರೆ ಒಳ್ಳೆಯದು. ನನ್ನದು ಹಾಗಿರಲಿಲ್ಲ. ಗುರುಗ್ರಹದ ವಾತಾವರಣದಲ್ಲಿ ಒಂದು ಉಲ್ಕೆ ಉರಿದುಹೋಗುವುದನ್ನು ಕಣ್ಣಾರೆ ಕಾಣಬೇಕು, ಅಷ್ಟೇ. ವಿದ್ಯಾಗಿರಿಯ ನಮ್ಮ ಮಾಳಿಗೆಯ ಮೇಲೆ, ಒಣಹಾಕಿದ ಸಂಡಿಗೆ ತುಳಿಯದಂತೆ ದುರ್ಬೀನು ಹೂಡಿ ವರ್ಷಗಟ್ಟಲೆ ಕಾದಿದ್ದೇನೆ. ಆ ಬೆಳಕು ಕ್ಷಣ ಹೊತ್ತು ಮಿನುಗಿ ಆರಿಬಿಡುತ್ತದೆ. ನನಗೆ ಸಿಕ್ಕಿದ್ದು ಕುತ್ತಿಗೆ ನೋವು. "ಅಲ್ರಿ, ಅಲ್ಲಿ ಕಲ್ಲ ಬಿದ್ರ ನಮಗೇನ್ರಿ? ಇಲ್ಲಿ ನಳಾ ಬಂದೈತಿ, ಕೊಡಾ ತುಂಬ್ರಿ," ಎನ್ನುತ್ತಾಳೆ ಹೆಂಡತಿ.

ಹೋದ ಚಳಿಗಾಲ ಇಳಕಲ್ಲಿನಿಂದ ಅತ್ತೆ ಬಂದರು. ಆಗಷ್ಟೇ ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಹೊಸ ಕಣ್ಣಿಗೆ ಕಂಡದ್ದನ್ನೆಲ್ಲ, ಅಡುಗೆಮನೆಯ ಜೇಡರಬಲೆ ಸಮೇತ, ನಮಗೆ ವರದಿ ಮಾಡುತ್ತಿದ್ದರು. ಒಂದು ಸಂಜೆ ದೇವರಿಗೆ ದೀಪ ಹಚ್ಚಿ ಮಾಳಿಗೆಗೂ ಬಂದರು. ನಮ್ಮ ಕಡೆ ಹಿರಿಯರಿಗೆ ಕೊಡದೆ ಚಹಾದ ಕಪ್ಪನ್ನೂ ಮುಟ್ಟುವುದಿಲ್ಲ, ಇನ್ನು ಗುರುಗ್ರಹವನ್ನು ನಾನೊಬ್ಬನೇ ನೋಡುತ್ತ ನಿಲ್ಲಲಾದೀತೇ? ದುರ್ಬೀನಿಗೆ ಸಿಕ್ಕಿಸಿದ್ದ ಕ್ಯಾಮೆರಾ ಬಿಚ್ಚಿಟ್ಟು, "ಮೊದಲ ನೀವು ನೋಡ್ರಿ ಅತ್ತಿ," ಎಂದೆ.

"ಜಮಖಾನಿ ಹಂಗ ಪಟ್ಟಿ ಪಟ್ಟಿ ಅದಾವ್ರಿ," ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ಗಾಬರಿಯಾಗಿ ಹಿಂದೆ ಸರಿದರು. "ಒಂದ್ ಬದಿಗೆ ಏನೋ ಫಳಕ್ಕನ ಹೊಳದು ಆರಿತ್ರಿ. ಕಣ್ಣ ಮತ್ತ ಕೆಟ್ಟಿತೇನ?"

ನಾನು ಭೌತಶಾಸ್ತ್ರ ಕಲಿಸುವವನು. ಇಷ್ಟು ವರ್ಷ ನನಗೆ ಕಾಣದ್ದು ಅವರಿಗೆ ಮೊದಲ ನೋಟಕ್ಕೇ ಕಂಡೀತೇ? "ಕಣ್ಣಿನ ದೋಷನ ಇರಬೇಕ್ರಿ," ಎಂದುಬಿಟ್ಟೆ. ಅತ್ತೆ ಅಂದು ಊಟ ಮಾಡಲಿಲ್ಲ.

ಮರುದಿನ ಕಣ್ಣಿನ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಕಣ್ಣ ಛಲೋ ಐತ್ರಿ ಅಮ್ಮಾ, ಸೂಜಿ ಪೋಣಸ್ರಿ," ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲು ತೆರೆದರೆ, ಯಾವುದೋ ದೂರದೇಶದ ಹವ್ಯಾಸಿಯೊಬ್ಬ ಹಿಂದಿನ ಸಂಜೆ ಅದೇ ಹೊತ್ತಿಗೆ ಗುರುಗ್ರಹದ ಅಂಚಿನಲ್ಲಿ ಹೊಳೆದ ಉಲ್ಕೆಯ ವಿಡಿಯೋ ಹಾಕಿದ್ದ. ಅತ್ತೆಗೆ ತೋರಿಸಿದೆ. "ಇದ ನೋಡ್ರಿ, ನಾ ನೋಡಿದ್ದು," ಎಂದರು.

ಕೋಟಿ ಕೋಟಿ ವರ್ಷ ಕತ್ತಲಲ್ಲಿ ಅಲೆದ ಕಲ್ಲೊಂದು ಆ ಮೋಡಗಳಲ್ಲಿ ಉರಿದು ಬೂದಿಯಾಗಿ, ಅದರ ಬೆಳಕು ಸುಮಾರು ಮುಕ್ಕಾಲು ತಾಸು ಓಡಿ ಬಂದು, ಇಳಕಲ್ಲಿನ ಮುದುಕಿಯೊಬ್ಬಳ ಕಣ್ಣಿನೊಳಗೆ ಇಳಿದಿತ್ತು. ದವಾಖಾನೆಯೆಂಬುದನ್ನೂ ಮರೆತು ಅವರ ಕಾಲು ಮುಟ್ಟಿ ನಮಸ್ಕರಿಸಿದೆ.

ಅತ್ತೆಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಕನಿಕರವಿತ್ತು. "ನನ್ನ ಕಣ್ಣ ಛಲೋ ಐತಿ ಅಂತ ಗೊತ್ತಾತಲ್ಲ, ಸಾಕು. ಆದ್ರ ಇಷ್ಟ ವರ್ಷ ನೋಡಿದ್ರೂ ನಿಮಗ ಒಂದೂ ಕಂಡಿಲ್ಲಂದ್ರ..." ಎಂದು ಮಗಳ ಮುಖ ನೋಡಿದರು.

ಹೆಂಡತಿ ಆಗಲೇ ಎದ್ದು ಹೋಗಿ ಡಾಕ್ಟರಿಗೆ ತೋರಿಸಲು ನನ್ನ ಹೆಸರಿನಲ್ಲಿ ನಂಬರು ಹಚ್ಚಿಸುತ್ತಿದ್ದಳು.